ಟು ಲೆಟ್ ಪುರಾಣ

ಶ್ರೀಧರನಿಗೆ ಒಂದು ಕಾಯಿಲೆಯಿತ್ತು. ಸಕ್ಕರೆಯಲ್ಲ, ಬಿಪಿಯೂ ಅಲ್ಲ. ಕಣ್ಣಿಗೆ ಬಿದ್ದ ಇಂಗ್ಲಿಷ್ ಪದದ ಹುಟ್ಟೂರು, ಕುಲಗೋತ್ರ ಕೆದಕದೆ ಇರಲಾಗದ ಕಾಯಿಲೆ. ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಯಂತ್ರಗಳನ್ನು ಬಳಸುವ ಬಗ್ಗೆ ಕೈಪಿಡಿ ಬರೆಯುವುದು ಅವನ ಉದ್ಯೋಗ. ಕೈಪಿಡಿಯನ್ನು ಯಾರೂ ಓದುವುದಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು. ಆದ್ದರಿಂದಲೇ ಕೇಳುವ ಕಿವಿಯೊಂದು ಸಿಕ್ಕಿದರೆ ಸುಲಭಕ್ಕೆ ಬಿಡುತ್ತಿರಲಿಲ್ಲ.

ಈ ಕಾಯಿಲೆಯಿಂದ ಒಂದು ಮನೆ ಆಗಲೇ ಕೈತಪ್ಪಿತ್ತು. ಮಾರತ್ತಹಳ್ಳಿಯ ಮಾಲೀಕರೊಬ್ಬರಿಗೆ, "ಸಾರ್, ನಿಮ್ಮ ಬೋರ್ಡಲ್ಲಿ ಟು ಮತ್ತೆ ಲೆಟ್ ಮಧ್ಯ ಸ್ವಲ್ಪ ಜಾಗ ಬೇಕಿತ್ತು" ಎಂದಿದ್ದ. ಅವರು, "ಜಾಗ ಇಲ್ಲ ಬಿಡಿ" ಎಂದು ಬಾಗಿಲು ಹಾಕಿಕೊಂಡಿದ್ದರು.

ಈಗಿರುವ ಮನೆಯ ಮಾಲೀಕ ಗೋಪಾಲಪ್ಪನವರು ತಿಂಗಳ ಕೊನೆಗೆ ಖಾಲಿ ಮಾಡಿ ಎಂದು ಹೇಳಿಯಾಗಿತ್ತು. ತಿಂಗಳ ಕೊನೆ ಬಂದೂ ಆಗಿತ್ತು. ಶ್ರೀಧರನಿಗೆ ಉಳಿದಿದ್ದ ಧೈರ್ಯ ಒಂದೇ. "ಅವ್ರಿನ್ನೂ ಗೇಟಿಗೆ ಬೋರ್ಡ್ ಹಾಕಿಲ್ಲ ಕಣೇ. ಬೋರ್ಡ್ ಬೀಳೋವರೆಗೂ ಮನಸ್ಸು ಬದಲಾಯಿಸ್ಬೋದು."

"ಬೋರ್ಡ್ ನಂಬ್ಕೊಂಡು ಸಂಸಾರ ಮಾಡೋಕಾಗಲ್ಲ ರೀ" ಎಂದಳು ಹೆಂಡತಿ ಯಮುನಾ.

ಅವಳು ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಸರ್ಜಾಪುರದ ಹತ್ತಿರದ ಹಳ್ಳಿಯಲ್ಲಿ ಒಂದು ಮನೆ ಖಾಲಿಯಿದೆಯೆಂದು ಪತ್ತೆಹಚ್ಚಿದವಳೂ ಅವಳೇ. ಅವಳ ಕಾರ್ಖಾನೆಯ ಬಸ್ಸು ಆ ಬೀದಿಯ ತುದಿಯಲ್ಲೇ ನಿಲ್ಲುತ್ತಿತ್ತು. ಬಾಡಿಗೆಯೂ ಹಿಡಿತದಲ್ಲಿತ್ತು. ಶನಿವಾರ ಅವಳಿಗೆ ಶಿಫ್ಟ್ ಇದ್ದುದರಿಂದ ಗಂಡನನ್ನು ಕಳಿಸದೆ ಬೇರೆ ದಾರಿಯಿರಲಿಲ್ಲ.

"ಮನೆ ನೋಡಿ, ಟೋಕನ್ ಅಡ್ವಾನ್ಸ್ ಕೊಡಿ, ಬನ್ನಿ. ಮಧ್ಯದಲ್ಲಿ ಬಾಯಿ ಬೇಡ. ಇವತ್ತು ಈ ಮನೆ ಸಿಕ್ಕಲಿಲ್ಲ ಅಂದ್ರೆ ನಾನು ಅಮ್ಮನ ಮನೆಗೆ, ನೀವು ನಿಮ್ಮ ಡಿಕ್ಷನರಿ ಕರ್ಕೊಂಡು ಪಿಜಿಗೆ."

"ತುಟಿ ಪಿಟಿಕ್ಕೆನ್ನಲ್ಲ" ಎಂದು ಶ್ರೀಧರ ಭಾಷೆ ಕೊಟ್ಟ. ಕೊಡುವಾಗ ಅದು ಪ್ರಾಮಾಣಿಕವಾದ ಮಾತೇ ಆಗಿತ್ತು.

ಆದರೆ ಆ ಮನೆಯ ಗೇಟಿಗೆ ತೂಗುಬಿಟ್ಟಿದ್ದ ಬೋರ್ಡು ಸಾಮಾನ್ಯದ್ದಾಗಿರಲಿಲ್ಲ. ನೀಲಿ ತಗಡಿನ ಮೇಲೆ ದಪ್ಪ ಬಿಳಿ ಅಕ್ಷರದಲ್ಲಿ ಟು ಲೆಟ್, ಅದರ ಕೆಳಗೆ ಅಷ್ಟೇ ದಪ್ಪದ ಮೊಬೈಲ್ ನಂಬರು, ಎರಡೂ ಮೂಲೆಯಲ್ಲಿ ಲಗ್ನಪತ್ರಿಕೆಯ ಹಾಗೆ ಒಂದೊಂದು ಕಮಲ. ಶ್ರೀಧರನ ಕೈ ತಾನಾಗಿ ಫೋನಿಗೆ ಹೋಯಿತು. ಫೋಟೋ ತೆಗೆದ. ಆಫೀಸಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಬರೆದ: "ಲೆಟ್ ಎಂಬ ಈ ಕ್ರಿಯಾಪದ ನೋಡಿ ಗೆಳೆಯರೇ. ದಿನವೂ ನೋಡುತ್ತೇವೆ, ಆದರೆ ಅದರ ಪೂರ್ವಜನ್ಮ ಬಲ್ಲಿರಾ? ವಿವರ ಸಂಜೆಗೆ." ಕಳಿಸಿ, ದೊಡ್ಡ ಪುಣ್ಯಕಾರ್ಯ ಮಾಡಿದವನಂತೆ ಗೇಟು ತಳ್ಳಿದ.

ಮನೆಯ ಮಾಲೀಕ ಸೊಣ್ಣಪ್ಪ ಜಗಲಿಯ ಮೇಲೆ ಕೂತಿದ್ದ. ತಾತನ ಕಾಲದ ರಾಗಿ ಹೊಲದಲ್ಲಿ ಮೂರಂತಸ್ತು ಎಬ್ಬಿಸಿ, ಕೆಳಗೆ ತಾನಿದ್ದು, ಮೇಲೆ ಬಾಡಿಗೆಗೆ ಕೊಡುವ ಮನುಷ್ಯ. ಮಹಡಿಯ ಮನೆಯನ್ನು ತಾನೇ ತೋರಿಸಿದ. ಗಾಳಿ, ಬೆಳಕು, ಬೋರ್‌ವೆಲ್ ನೀರು, ಅಡುಗೆಮನೆಯ ಕಿಟಕಿಗೆ ಬಾಗಿದ ಸೀಬೆಮರ. ಯಮುನಾ ನೋಡಿದರೆ ಕುಣಿದಾಡುತ್ತಾಳೆ ಎನ್ನಿಸಿ ಶ್ರೀಧರನ ಎದೆ ತುಂಬಿ ಬಂತು.

"ನನಗೆ ಒಪ್ಪಿಗೆ" ಎಂದು ಇಳಿದು ಬಂದು, ಟೋಕನ್ ಕೊಡಲು ಫೋನ್ ತೆಗೆದ.

"ಅದಿರ್ಲಿ ಸಾಮಿ, ಆಗ್ಲೇ ಬೋರ್ಡು ಪೋಟ ಇಡ್ದಂಗಿತ್ತು? ಪೇಂಟ್ರು ಏನಾರ ತಪ್ಪು ಬರ್ದವ್ನಾ?"

ಉತ್ತರವಾಗಿ 'ಇಲ್ಲ' ಎಂದರೆ ಸಾಕಿತ್ತು. ಎರಡೇ ಅಕ್ಷರ. ಶ್ರೀಧರ ಫೋನನ್ನು ಜೇಬಿಗಿಳಿಸಿ ಜಗಲಿಯ ಮೇಲೆ ಕೂತ.

"ತಪ್ಪಿಲ್ಲ. ಆದ್ರೆ ಲೆಟ್ ಅಂದ್ರೆ ಏನು ಗೊತ್ತಾ ಸೊಣ್ಣಪ್ಪನವ್ರೇ?"

"ಬಾಡ್ಗಿಗ್ ಬುಡೋದು."

"ಅದು ಆಮೇಲೆ ಸೇರ್ಕೊಂಡಿದ್ದು. ಮೂಲದಲ್ಲಿ ಬಿಟ್ಟುಬಿಡು, ಹಿಂದೆ ಬಿಟ್ಟು ಹೋಗು ಅಂತ. ಅದಕ್ಕೂ ಹಿಂದೆ ಹೋದ್ರೆ ಸುಸ್ತಾಗಿ ಕೈಬಿಡೋದು ಅಂತಾರೆ ಪಂಡಿತರು."

ಸೊಣ್ಣಪ್ಪ ತಲೆದೂಗಿದ. "ದಿಟ ಕಣ್ ಸಾಮಿ. ನಾನೂ ಯವಸಾಯ ಮಾಡಿ ಸುಸ್ತಾಗೇ ಮನೆ ಕಟ್ಟಿ ಬುಟ್ಟಿದ್ದು. ಲೋ ದ್ಯಾಮಣ್ಣ, ಬಾರ್ಲಾ ಇಲ್ಲಿ! ಇವ್ರೇನೋ ಚೆಂದಾಗ್ ಏಳ್ತಾವ್ರೆ!"

ಪಕ್ಕದ ಮನೆಯ ದ್ಯಾಮಣ್ಣ ನಿವೃತ್ತ ಬಸ್ ಡ್ರೈವರ್. ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದಿರುವುದು ಅವನಿಗೆ ಕೆಲಸದಿಂದ ಬಂದ ಅಭ್ಯಾಸ. ಪಂಚೆ ಮೇಲೆತ್ತಿಕೊಂಡು ಬಂದ, ಕೇಳಿಸಿಕೊಂಡ. ಆಮೇಲೆ, "ಇವ್ರು ರೈಲು ಬುಡ್ತಾವ್ರೆ ಕಣ್ಲಾ" ಎಂದ. "ಜಲ್ಮೆಲ್ಲಾ ಬಸ್ ಓಡ್ಸಿವ್ನಿ, ರೈಲು ಬುಡೋರ್ ಗುರ್ತು ನಂಗೆ ಸಿಕ್ಕಾಕಿಲ್ವಾ?"

ಶ್ರೀಧರನಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಕಿರಲಿಲ್ಲ. ಕಂಪನಿಯಲ್ಲಿ ಅವನೊಂದಿಗೆ ಯಾರೂ ವಾದಕ್ಕೂ ಬರುತ್ತಿರಲಿಲ್ಲ. ಅವನು ತೋಳು ಮಡಚಿದ.

ಅಷ್ಟರಲ್ಲಿ ಸೊಣ್ಣಪ್ಪನ ಫೋನು ಬಡಿದುಕೊಂಡಿತು. ರಸಭಂಗವಾಗಿ ಸಿಡುಕಿದ ಸೊಣ್ಣಪ್ಪ, ಬಾಗಿಲಾಚೆ ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ಮುನಿಯಕ್ಕನಿಗೆ ಅದನ್ನು ದಾಟಿಸಿ, "ಯಾರೋ ನೋಡಮ್ಮಿ, ನೀನೇ ಮಾತಾಡು" ಎಂದು ಮತ್ತೆ ಬಂದು ಕೂತ.

ಹಿಂದೆಯೇ ಶ್ರೀಧರನ ಫೋನು. ಯಮುನಾ.

"ಟೋಕನ್ ಕೊಟ್ರಾ?"

"ಕೊಟ್ಟಂಗೇ ಅನ್ಕೋ. ಮಾಲೀಕರು ನನ್ನನ್ನ ಬಿಡೋ ಹಾಗೇ ಇಲ್ಲ."

"ಯಾವ ಪದ?" ಎಂದಳು ಯಮುನಾ.

"ಸಿಗ್ನಲ್ ಸರಿಯಿಲ್ಲ" ಎಂದು ಶ್ರೀಧರ ಫೋನಿಟ್ಟ.

"ಈಗ ಕೇಳಿ ದ್ಯಾಮಣ್ಣೋರೇ. ಹಿಂದೆ ಇಂಗ್ಲಿಷಲ್ಲಿ ಇನ್ನೊಂದು ಲೆಟ್ ಇತ್ತು. ಅದ್ರ ಅರ್ಥ ಪೂರ್ತಿ ಉಲ್ಟಾ. ತಡಿ, ಅಡ್ಡ ಹಾಕು ಅಂತ."

"ಬುಡು ಅನ್ನಾಕೂ ಅದೇ, ತಡಿ ಅನ್ನಾಕೂ ಅದೇನಾ?" ಸೊಣ್ಣಪ್ಪ ಬೆರಗಾದ. "ಸಿವನೇ, ಅವ್ರು ಸಂಸಾರ ಎಂಗ್ ಮಾಡ್ತಿದ್ರು?"

"ಎಲ್ಲೈತೆ ತೋರ್ಸಿ" ಎಂದ ದ್ಯಾಮಣ್ಣ.

ಶ್ರೀಧರ ಫೋನಿನಲ್ಲಿದ್ದ ತನ್ನ ಪಾಸ್‌ಪೋರ್ಟಿನ ಚಿತ್ರ ತೋರಿಸಿದ. ಇವನನ್ನು ಯಾರೂ ತಡೆಯಬೇಡಿ ಎಂದು ಸರ್ಕಾರವೇ ಬರೆದಿರುವ ಸಾಲಿನಲ್ಲಿ ಆ ಹಳೇ ಲೆಟ್ ಇನ್ನೂ ಉಸಿರಾಡುತ್ತಿದೆ ಎಂದ. ದ್ಯಾಮಣ್ಣ ಅದರಲ್ಲಿದ್ದ ಫೋಟೋ ನೋಡಿ, "ಇದು ನೀವಾ?" ಎಂದು ಬೇರೆಯದೇ ಅನುಮಾನ ಎತ್ತಿದ. ಟೆನ್ನಿಸ್ಸಿನಲ್ಲಿ ಸರ್ವ್ ಮಾಡಿದ ಚೆಂಡು ಬಲೆಗೆ ತಾಗಿ ದಾಟಿದರೆ ಲೆಟ್ ಎನ್ನುವುದೂ ಇದೇ ಎಂದರೆ, ಆ ಬೀದಿಯಲ್ಲಿ ಟೆನ್ನಿಸ್ ಆಡಿದವರು ಯಾರೂ ಇರಲಿಲ್ಲ. ಜಗಲಿಯ ಸುತ್ತ ಮಾತ್ರ ಜನ ಸೇರಿದ್ದರು. ಹಾಲು ತರಲು ಹೊರಟವರೂ ನಿಂತುಬಿಟ್ಟಿದ್ದರು.

"ಬಾಯಲ್ಲಿ ಹೇಳಿದ್ರೆ ಆಗಲ್ಲ. ಮಾಡಿ ತೋರಿಸ್ತೀನಿ" ಎಂದು ಶ್ರೀಧರ ಎದ್ದು ಹೋಗಿ ಗೇಟು ಮುಚ್ಚಿ, ಅದಕ್ಕೆ ಬೆನ್ನುಕೊಟ್ಟು ಎರಡೂ ಕೈ ಚಾಚಿ ನಿಂತ. "ಇದು ಹಳೇ ಲೆಟ್ಟು. ಯಾರೂ ಒಳಗೆ ಬರೋ ಹಾಗಿಲ್ಲ!"

ಅದೇ ಹೊತ್ತಿಗೆ ಅವನ ಬೆನ್ನ ಹಿಂದೆ ಸ್ಕೂಟರೊಂದು ಬಂದು ನಿಂತು ಹಾರ್ನ್ ಹೊಡೆಯಿತು. ಹೆಲ್ಮೆಟ್ ತೊಟ್ಟ ಒಬ್ಬ ಗಂಡಸು, ಹಿಂದೆ ಹೆಂಡತಿ. ದೇವರೇ ಕಳಿಸಿದ ಉದಾಹರಣೆ!

"ಒಂದ್ನಿಮಿಷ ಸಾರ್, ನೀವೀಗ ಹಳೇ ಕಾಲದಲ್ಲಿದೀರಿ" ಎಂದು ಶ್ರೀಧರ ತಿರುಗಿ ನೋಡದೆಯೇ ಕೂಗಿದ. ಜನ ನಕ್ಕರು. ಹಾರ್ನ್ ಇನ್ನೊಮ್ಮೆ ಕೂಗಿತು. "ನೋಡಿದ್ರಾ, ತಡೆದ್ರೆ ಎಷ್ಟು ಸಂಕಟ! ಈಗ ಹೊಸ ಲೆಟ್ಟು!" ಎಂದವನೇ ಗೇಟನ್ನು ಪೂರ್ತಿ ತೆರೆದು, ಮಹಾರಾಜರನ್ನು ಬರಮಾಡಿಕೊಳ್ಳುವವನಂತೆ ನೆಲಕ್ಕೆ ಬಗ್ಗಿ, "ದಯಮಾಡಿಸಿ" ಎಂದ.

ಸ್ಕೂಟರು ಒಳಗೆ ಬಂತು. ಬೀದಿ ಚಪ್ಪಾಳೆ ತಟ್ಟಿತು. ದ್ಯಾಮಣ್ಣನೂ ತಟ್ಟಿದ. ಬಂದವರು ಸೊಣ್ಣಪ್ಪನ ನೆಂಟರಿರಬೇಕೆಂದುಕೊಂಡು ಶ್ರೀಧರ ಮತ್ತೆ ಜಗಲಿಯೇರಿದ. ಮುನಿಯಕ್ಕ ಕೈಯೊರೆಸಿಕೊಳ್ಳುತ್ತಾ ಎದ್ದು ಅವರನ್ನು ಮೆಟ್ಟಿಲ ಕಡೆ ಕರೆದುಕೊಂಡು ಹೋದದ್ದನ್ನು ಅವನು ಕಂಡೂ ಕಾಣಲಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವನ ಪದವಿವರಣೆಗೆ ಚಪ್ಪಾಳೆ ಬಿದ್ದಿತ್ತು. ಅಂಥ ಹೊತ್ತಿನಲ್ಲಿ ಮೆಟ್ಟಿಲು ಯಾರಿಗೆ ಕಾಣುತ್ತದೆ?

"ಕಡೆಯದಾಗಿ ಒಂದು ಗುಟ್ಟು" ಎಂದು ಅವನು ದನಿ ತಗ್ಗಿಸಿದ. "ತಡವಾಯ್ತು ಅಂತ ಲೇಟ್ ಅಂತೀವಲ್ಲ, ಅದೂ ಇದೇ ಮನೆತನದ್ದು. ಸುಸ್ತಾದೋನು ನಿಧಾನ ಆಗ್ತಾನೆ, ನಿಧಾನ ಆದೋನು ಲೇಟಾಗ್ತಾನೆ."

"ಸಬಾಸ್" ಎಂದ ಸೊಣ್ಣಪ್ಪ. "ಬಾಡ್ಗಿಗೆ ಅಂತ ಬಂದೋರಲ್ಲಿ ಇಂತಾ ಮನ್ಸನ್ನ ನಾ ಕಂಡಿಲ್ಲ."

ಶ್ರೀಧರ ವಿನಯದಿಂದ ಫೋನ್ ಹೊರತೆಗೆದ. "ಹಾಗಾದ್ರೆ ಟೋಕನ್ ಕಳಿಸ್ಬಿಡ್ತೀನಿ."

"ಯಾತುಕ್ಕೆ?" ಎಂದಳು ಮುನಿಯಕ್ಕ, ಮೆಟ್ಟಿಲಿಳಿಯುತ್ತಾ. "ಮನೆ ಆಗೋಯ್ತಲ್ಲ. ಆಗ್ಲೇ ಪೋನ್ ಮಾಡಿದ್ರು, ಇಲ್ಲೇ ಎರಡು ಬೀದಿಯಾಚೆ ಇದ್ರಂತೆ, ಬಂದ್ರು, ನೋಡಿದ್ರು, ಅಡ್ವಾನ್ಸು ಆಕ್ಬುಟ್ರು. ಒಂದ್ ಮಾತೂ ಜಾಸ್ತಿ ಆಡ್ನಿಲ್ಲ, ಪಾಪ."

"ನಾನು ಬೆಳಗ್ಗಿಂದ ಇಲ್ಲೇ ಕೂತಿದೀನಲ್ಲಮ್ಮಾ!"

"ಅಯ್ಯೋ, ನೀವು ಮನೆ ಕೇಳಾಕ್ ಬಂದಿದ್ರಾ? ಸರ್ಕಾರದೋರು ಏನೋ ತಿಳುವಳ್ಕೆ ಏಳಾಕ್ ಕಳ್ಸವ್ರೆ ಅನ್ಕಂಡೆ."

ಶ್ರೀಧರ ಸೊಣ್ಣಪ್ಪನ ಮುಖ ನೋಡಿದ. ಸೊಣ್ಣಪ್ಪ ಸೀಬೆಮರ ನೋಡಿದ. "ನಾನೇನ್ ಮಾಡ್ಲಿ ಸಾಮಿ, ಮನೆ ಇವ್ಳ ಎಸ್ರಲ್ಲೈತೆ" ಎಂದ ಮೆಲ್ಲಗೆ.

ಆಗ ಮುನಿಯಕ್ಕನ ಹಿಂದೆ ಹೆಲ್ಮೆಟ್ ಕೈಯಲ್ಲಿ ಹಿಡಿದುಕೊಂಡು ಹೊಸ ಬಾಡಿಗೆದಾರ ಇಳಿದು ಬಂದ. ಆಫೀಸಿನಲ್ಲಿ ಶ್ರೀಧರನ ಪಕ್ಕದ ಮೇಜಿನ ಶಶಿಕುಮಾರ್!

"ಶ್ರೀಧರ್ ಸಾರ್!" ಶಶಿಕುಮಾರ್ ಓಡಿ ಬಂದು ಕೈ ಹಿಡಿದುಕೊಂಡ. "ಹೇಗೆ ಥ್ಯಾಂಕ್ಸ್ ಹೇಳ್ಲಿ ಸಾರ್! ಎಷ್ಟು ದಿನದಿಂದ ಹುಡುಕ್ತಿದ್ವಿ. ನೀವು ಗ್ರೂಪಿಗೆ ಬೋರ್ಡ್ ಹಾಕಿದ್ದು ನೋಡಿದ ತಕ್ಷಣ ಫೋನ್ ಮಾಡ್ದೆ. ಅದೂ ಅಲ್ದೆ ನಮಗೋಸ್ಕರ ಗೇಟ್ ತೆಗಿಯೋಕೂ ಬಂದಿದೀರಲ್ಲ, ಇವಳ ಕಣ್ಣಲ್ಲಿ ನೀರೇ ಬಂತು!"

ಶ್ರೀಧರನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಆದರೂ ಮನುಷ್ಯನ ಆಸೆ ಅಷ್ಟು ಬೇಗ ಸಾಯುವುದಿಲ್ಲ. "ಕೆಳಗೆ ಬರೆದಿದ್ನಲ್ಲ, ಅದನ್ನ ಓದಿದ್ರಾ?" ಎಂದು ಕೇಳಿದ.

"ಬರ್ದಿದ್ರಾ? ಇಲ್ಲ ಸಾರ್, ನಾನು ನಂಬರ್ ಮಾತ್ರ ಝೂಮ್ ಮಾಡಿದ್ದು."

ಸೊಣ್ಣಪ್ಪ ಜಗಲಿಯಿಂದ ಎದ್ದು ಗೇಟಿನ ಕಡೆ ನಡೆದ. ಇಂಥ ವಿದ್ವಾಂಸನನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಗೇಟಿನಿಂದ ಬೋರ್ಡನ್ನು ಬಿಚ್ಚಿ ತಂದು ಎರಡೂ ಕೈಯಲ್ಲಿ ಒಪ್ಪಿಸಿದ. "ನಮಗಿನ್ ಇದ್ರಲ್ಲಿ ಕೆಲ್ಸ ಇಲ್ಲ. ನಿಮಗೆ ಇದ್ರ ಮ್ಯಾಲೆ ಮನ್ಸು. ಇಟ್ಕಳಿ."

ಬೇಡ ಎನ್ನುವ ತ್ರಾಣವೂ ಶ್ರೀಧರನಲ್ಲಿ ಉಳಿದಿರಲಿಲ್ಲ. ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ ಸ್ಟಾಪಿಗೆ ಬಂದರೆ, "ಸಾರ್, ಮನೆ ಎಲ್ಲಿ? ಬ್ಯಾಚುಲರ್ಸಿಗೆ ಕೊಡ್ತೀರಾ?" ಎಂದು ಹುಡುಗರು ಮುತ್ತಿಕೊಂಡರು. ಬಸ್ಸಿನೊಳಗೆ ಕಂಡಕ್ಟರನೂ ತನ್ನ ಷಡ್ಡಕನಿಗಾಗಿ ವಿಚಾರಿಸಿದ. ಮನೆಯೇ ಇಲ್ಲದವನನ್ನು ಊರೆಲ್ಲ ಮಾಲೀಕನೆಂದು ತಿಳಿಯಿತು. ಯಮುನಾಗೆ ಏನು ಹೇಳುವುದೆಂದು ಅವನು ದಾರಿಯುದ್ದಕ್ಕೂ ಯೋಚಿಸಿದ. ಇನ್ನು ಗೋಪಾಲಪ್ಪನವರ ಕಾಲು ಹಿಡಿಯುವುದೊಂದೇ ಉಳಿದಿತ್ತು.

ಗೋಪಾಲಪ್ಪನವರು ಗೇಟಿನಲ್ಲೇ ಸಿಕ್ಕಿದರು. ಶ್ರೀಧರ ಬಾಯಿ ತೆರೆಯುವ ಮೊದಲೇ ಅವರ ಕಣ್ಣು ಕಂಕುಳಿಗೆ ಹೋಯಿತು.

"ಅಯ್ಯೋ ಶ್ರೀಧರಪ್ಪ, ನೀವೇ ತಂದ್ಬಿಟ್ರಾ?" ಅವರ ಮುಖ ಅರಳಿತು. "ನಮ್ಮ ಪೇಂಟರ್ ಕೈಕೊಟ್ಟು ಊರಿಗೋದ. ಹೋಗ್ಲಿ, ಇನ್ನಾರು ತಿಂಗಳು ಇವ್ರೇ ಇರ್ಲಿ ಬಿಡು ಅಂತ ಬೆಳಗ್ಗೆ ತಾನೇ ನಮ್ಮನೆಯವಳಿಗೆ ಹೇಳಿದ್ದೆ. ನಿಮಗೇ ಇಷ್ಟು ಅವಸರ ಇರೋದು ಗೊತ್ತಿರ್ಲಿಲ್ಲ. ಮನೆ ಸಿಕ್ತು ಅಂತಾಯ್ತು!"

"ಸಾರ್, ಹಾಗಲ್ಲ..."

"ನಂಬರ್ ಒಂದು ಒರೆಸಿ ನಮ್ದು ಬರ್ಕೊಂಡ್ರಾಯ್ತು. ಕಮಲ ಬೇರೆ ಬರ್ಸಿದೀರಿ, ಚೆನ್ನಾಗಿದೆ!" ಎನ್ನುತ್ತಾ ಅವರು ತಂತಿ ಬಿಗಿದೇಬಿಟ್ಟರು. ಆ ಹೊತ್ತಿಗಾಗಲೇ ಎದುರುಮನೆಯ ಬ್ರೋಕರ್ ಅದರ ಫೋಟೋ ತೆಗೆಯುತ್ತಿದ್ದ.

ಶಿಫ್ಟ್ ಮುಗಿಸಿ ಬಂದ ಯಮುನಾ ಗೇಟಿನ ಮುಂದೆ ನಿಂತಳು. ಬೋರ್ಡನ್ನು ಮೇಲಿನಿಂದ ಕೆಳಕ್ಕೆ ನೋಡಿದಳು. ಆಮೇಲೆ ಗಂಡನನ್ನು ಹಾಗೆಯೇ ನೋಡಿದಳು.

"ಏನ್ರೀ ಇದರ ಅರ್ಥ?"

ಮದುವೆಯಾದಂದಿನಿಂದ ಮೊದಲ ಸಲ ಹೆಂಡತಿ ತಾನಾಗಿ ಅರ್ಥ ಕೇಳಿದ್ದಳು. ಶ್ರೀಧರನ ಬಾಯಿಂದ ಮಾತೇ ಹೊರಡಲಿಲ್ಲ.