ಉಬ್ಬಿದ ಪವರ್ ಬ್ಯಾಂಕ್ ಮತ್ತು ಒಂದು ಬಕೆಟ್ ಒಣ ಮರಳು

ಎಲ್ಲಿಯಾದರೂ ಒಂದು ಸೂಚನಾ ಫಲಕ ಹಾಕಿ ನೋಡಿ; ಜನ ಅದನ್ನು ಓದುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತಾರೆ. ಮಂಗಳೂರಿನ ಕೊಡಿಯಾಲ್‌ಬೈಲಿನ ನಮ್ಮ ಫ್ಲ್ಯಾಟಿನ ಕಾರ್ಯದರ್ಶಿಯಾದ ಮೇಲೆ ನನಗೆ ಇದು ನಿತ್ಯದ ಅನುಭವ.

ಹಳೆಯ ಮೊಬೈಲು, ಪವರ್ ಬ್ಯಾಂಕುಗಳ ಲಿಥಿಯಂ ಬ್ಯಾಟರಿಗಳನ್ನು ನಮ್ಮವರು ಮೀನಿನ ಮುಳ್ಳಿನ ಜೊತೆ ಕಸದ ಗಾಡಿಗೆ ಹಾಕುತ್ತಿದ್ದರು. ಗಾಡಿಯೊಳಗೆ ಒತ್ತಿ ಬೆಂಕಿ ಹಿಡಿದರೆ ಯಾರು ಜವಾಬ್ದಾರಿ? ಅದಕ್ಕೆ ಕಾಂಪೌಂಡಿನ ಮೂಲೆಯ ನೆರಳಿನಲ್ಲಿ ಒಂದು ತಗಡಿನ ಬಕೆಟ್ ಇಟ್ಟು ಫಲಕ ಬರೆಸಿದೆ: ತುದಿಗಳಿಗೆ ಟೇಪ್ ಸುತ್ತಿ. ಚುಚ್ಚಬೇಡಿ, ಒತ್ತಬೇಡಿ. ಒಣ ಮರಳಿನಲ್ಲಿ ಹೂತಿಡಿ. ಇ-ತ್ಯಾಜ್ಯ ಕೇಂದ್ರಕ್ಕೆ ಒಯ್ಯುವ ಕೆಲಸ ನನ್ನದು. ಬಕೆಟ್ಟಿಗೆ ಈಗ ಮುಚ್ಚಳವೂ ಉಂಟು. ಅದು ಬೆಕ್ಕಿನ ಕಾರಣಕ್ಕೆ ಬಂದದ್ದು. ಹೆಚ್ಚು ವಿವರ ಬೇಡ.

ರುಚಿ ನೋಡಿದ ಮರಳು

ಮರಳು ತರುವ ಹೊಣೆಯನ್ನು ಎರಡನೇ ಮಹಡಿಯ ಬ್ಯಾರಿ ಕಾಕ ತಾವಾಗಿ ವಹಿಸಿಕೊಂಡರು. ಬಟ್ಟೆ ವ್ಯಾಪಾರದವರು, ಧಾರಾಳ ಮನುಷ್ಯ. ಸಂಜೆ ಕಾರಿನ ಡಿಕ್ಕಿ ತೆರೆದರೆ, ಉಳ್ಳಾಲದ ಸಮುದ್ರದ ಮರಳು! ಇನ್ನೂ ನೀರು ಸೋರುತ್ತಿತ್ತು.

"ಕಾಕ, ಇದು ಚಂಡಿ, ಪೂರ್ತಿ ಒದ್ದೆ. ಮೇಲಿಂದ ಉಪ್ಪು. ಬ್ಯಾಟರಿಗೆ ಇದೇ ಶತ್ರು."

"ಎಂತ ಸರ್ ನೀವು! ಫಸ್ಟ್ ಕ್ಲಾಸ್ ಮರಳು. ನಡೆದರೆ ಕಾಲಿಗೆ ಮೆತ್ತಗೆ ಉಂಟು."

"ಬ್ಯಾಟರಿ ಅದರ ಮೇಲೆ ನಡೆಯುವುದಿಲ್ಲ ಕಾಕ. ದಯವಿಟ್ಟು ತಂದಲ್ಲಿಗೇ ವಾಪಸ್ ಹಾಕಿ."

ಮರುದಿನ ಕಂಕನಾಡಿಯ ಯಾವುದೋ ಅಂಗಡಿಯಿಂದ ಹೊಳೆಯ ಮರಳು ತಂದರು. ನಾನು ಬಾಯಿ ತೆರೆಯುವ ಮೊದಲೇ, "ಕೇಳಬೇಡಿ ಸರ್. ಅಲ್ಲೇ ನಿಂತು ನೆಕ್ಕಿ ನೋಡಿದ್ದೇನೆ. ಉಪ್ಪಿಲ್ಲ," ಎಂದರು. ಅಂಗಡಿಯವನು ಇವರನ್ನು ಕುಳ್ಳಿರಿಸಿ, ಒಂದು ಲೋಟ ಶರಬತ್ತು ಕೊಟ್ಟು, "ಮನೆಯಲ್ಲಿ ಯಾರಿದ್ದಾರೆ?" ಎಂದು ವಿಚಾರಿಸಿದನಂತೆ.

ಹಪ್ಪಳದ ಸಾಲಿನಲ್ಲಿ

ನೆಲಮಹಡಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಹಲಸಿನ ಹಪ್ಪಳದ ದಿನಗಳಲ್ಲಿ ನಮ್ಮ ತಾರಸಿ ಅವರ ಸಾಮ್ರಾಜ್ಯ. ಒಂದು ಮಧ್ಯಾಹ್ನ ನೀರಿನ ಟ್ಯಾಂಕ್ ನೋಡಲು ಹೋದೆ. ಸುಡುಬಿಸಿಲಿನಲ್ಲಿ, ಚಾಪೆಯ ಮೇಲೆ, ಹಪ್ಪಳಗಳ ಸಾಲಿನ ಕೊನೆಗೆ ಒಂದು ಕಪ್ಪು ಪವರ್ ಬ್ಯಾಂಕ್ ಮಲಗಿತ್ತು. ಹೊಟ್ಟೆ ಉಬ್ಬಿ ಅಂಚು ಬಿರಿದಿತ್ತು.

"ಅಕ್ಕ! ಇದೆಂತ?"

"ಮಳೆಗಾಲದಲ್ಲಿ ಬಾಗಿಲು ಉಬ್ಬುವುದಿಲ್ವಾ ಸರ್? ಹಾಗೇ ಇದೂ ಉಬ್ಬಿದೆ. ನಾಲ್ಕು ಬಿಸಿಲು ಕಂಡರೆ ಕೂತುಕೊಳ್ತದೆ."

"ಬಾಗಿಲು ಉಬ್ಬಿದರೆ ಬಡಗಿ ಬರುತ್ತಾನೆ. ಇದು ಉಬ್ಬಿದರೆ ಫೈರ್ ಎಂಜಿನ್ ಬರುತ್ತದೆ! ಯಾವಾಗ ಬೇಕಾದರೂ ಹೊತ್ತಿಕೊಳ್ಳಬಹುದು."

"ಅಯ್ಯೋ ದೇವರೇ!" ಎಂದು ಅಕ್ಕ ಎರಡೂ ಕೈ ಚಾಚಿ ಓಡಿ ಬಂದು ಅವಸರವಸರವಾಗಿ ಎತ್ತಿದರು, ಹಪ್ಪಳವನ್ನು.

ಅಣ್ಣ ಬಂದ ದಿನ

ಹಪ್ಪಳ ಉಳಿಯಿತು. ಪವರ್ ಬ್ಯಾಂಕನ್ನು ಮಾತ್ರ ಅಕ್ಕ ಬಿಡಲೊಲ್ಲರು. ಅದು ದುಬೈಯಲ್ಲಿರುವ ಅಣ್ಣ ಕೊಟ್ಟದ್ದು. ತಂದೆ ಹೋದ ಮೇಲೆ ಇವರನ್ನು ಸಾಕಿ, ಮದುವೆ ಮಾಡಿಸಿದ ಅಣ್ಣ. ಮಳೆಗಾಲದಲ್ಲಿ ಕರೆಂಟ್ ಹೋಗಿ ತಂಗಿಯ ಫೋನ್ ಸತ್ತರೆ, ಎತ್ತುವವರೆಗೂ ಅಲ್ಲಿ ಅವರಿಗೆ ಊಟ ಸೇರುವುದಿಲ್ಲವಂತೆ. ಅದಕ್ಕೇ ಇದನ್ನು ತಂದುಕೊಟ್ಟಿದ್ದರು. ಈಗ ರಜೆಯಲ್ಲಿ ಬರುವವರಿದ್ದರು.

"ಬಂದ ಕೂಡಲೇ ಶೋಕೇಸ್ ನೋಡ್ತಾರೆ ಸರ್. ಇಲ್ಲದಿದ್ದರೆ, ನಾನು ಕೊಟ್ಟದ್ದಕ್ಕೆ ಬೆಲೆ ಇಲ್ಲ ಅಂತ ಅವರಿಗೆ ಬೇಸರ ಆದರೆ?" ಅವರ ಕಣ್ಣು ತುಂಬಿತ್ತು.

"ನಿಮಗೇನಾದರೂ ಆದರೆ ಅವರಿಗೆ ಬೇಸರವಾಗುವುದಿಲ್ಲವೇ?" ಎಂದೆ. ಆಗ ಕೊಟ್ಟರು. ಟೇಪ್ ಸುತ್ತಿ, ಮರಳಿನಲ್ಲಿಟ್ಟು, ಆ ದಿನವೇ ಕೇಂದ್ರಕ್ಕೆ ಮುಟ್ಟಿಸಿದೆ.

ಮರಳಿ ಬಂದು ಅಕ್ಕನ ಮನೆಗೆ ಹೋದರೆ ಶೋಕೇಸಿನಲ್ಲಿ ಅತ್ತರ್ ಬಾಟಲಿಗಳ ನಡುವೆ ಇನ್ನೊಂದು ಪವರ್ ಬ್ಯಾಂಕ್! ನಡು ಉಬ್ಬಿದ ಸ್ನಾನದ ಸೋಪಿಗೆ ಅಕ್ಕ ನನ್ನದೇ ಕಪ್ಪು ಟೇಪ್ ಸುತ್ತಿದ್ದರು.

"ಗಾಜಿನ ಹೊರಗಿಂದ ಗೊತ್ತಾಗುವುದಿಲ್ಲ. ನೀವು ಹೇಳಬೇಡಿ."

"ಅವರು ಕೇಳಿದರೆ ನಾನು ಸುಳ್ಳು ಹೇಳುವವನಲ್ಲ."

"ಕೇಳದಿದ್ದರೆ?"

"ಕೇಳದಿದ್ದರೆ ಅದು ನನ್ನ ವಿಷಯವಲ್ಲ."

ಅಣ್ಣ ಬಂದರು. ಊಟದ ಹೊತ್ತಿಗೆ ನಾನು ಬಕೆಟ್ಟಿನ ಬಳಿ ಇದ್ದೆ. ಅಕ್ಕನ ಮನೆಯ ಬಾಗಿಲು ಮೆಲ್ಲಗೆ ತೆರೆಯಿತು. ಅಣ್ಣ ಹೊರಬಂದರು. ಬರಿಗಾಲು. ಮುಂದೆ ಚಾಚಿದ ಎರಡೂ ಕೈಯಲ್ಲಿ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಆ ಸೋಪು. ಉಸಿರು ಬಿಗಿಹಿಡಿದು, ಮಲಗಿದ ಮಗುವನ್ನು ಒಯ್ಯುವವರಂತೆ ಒಂದೊಂದೇ ಹೆಜ್ಜೆ ಇಡುತ್ತಿದ್ದರು.

"ಸರ್, ದೂರ ನಿಲ್ಲಿ! ಉಬ್ಬಿದೆ ಇದು!" ಎಂದು ಪಿಸುಗುಟ್ಟಿ, ಫಲಕವನ್ನು ಪೂರ್ತಿ ಓದಿ, ಸೋಪನ್ನು ಮರಳಿಗೆ ಇಳಿಸಿದರು. ಫಲಕ ಪೂರ್ತಿ ಓದಿದ ಮೊದಲ ಮನುಷ್ಯ!

ಅಷ್ಟರಲ್ಲಿ ಸಾರಿನ ಸೌಟು ಹಿಡಿದೇ ಅಕ್ಕ ಓಡಿ ಬಂದರು. "ಅಣ್ಣ! ಅದನ್ನು ಯಾಕೆ ತೆಗೆದಿರಿ?"

ಅಣ್ಣ ತಲೆ ತಗ್ಗಿಸಿದರು. "ನನ್ನ ರೂಮಿನವನದ್ದೂ ಇದೇ ಮಾಡೆಲ್. ಉಬ್ಬಿ ಹೊಗೆ ಬಂತು. ಅಂದಿನಿಂದ ನನಗೆ ನಿದ್ದೆ ಇಲ್ಲ. ಬಿಸಾಡು ಅಂತ ಫೋನಿನಲ್ಲಿ ಹೇಳಿದರೆ ನೀನು ಅಣ್ಣ ಕೊಟ್ಟದ್ದು ಅಂತ ಅಡಗಿಸಿ ಇಡುವವಳು. ಕದ್ದಾದರೂ ತೆಗೆಯುವ ಅಂತ ರಜೆ ಹಾಕಿ ಬಂದೆ."

ಅಕ್ಕ ಅಳುತ್ತಲೂ ನಗುತ್ತಲೂ ಸೌಟನ್ನು ನನ್ನ ಕೈಗೆ ಕೊಟ್ಟರು. ಮರಳಿನಿಂದ ಅದನ್ನು ಹೆಕ್ಕಿ, ಟೇಪ್ ಬಿಚ್ಚಿ, ಅಣ್ಣನ ಅಂಗೈಯಲ್ಲಿಟ್ಟರು. ಅಣ್ಣ ಮೂಸಿ ನೋಡಿದರು. ನನ್ನ ಕಡೆ ತಿರುಗಿದರು.

"ನಿಮಗೆ ಗೊತ್ತಿತ್ತಾ ಸರ್?"

"ಗೊತ್ತಿತ್ತು."

"ಮತ್ತೆ ಹೇಳಲಿಲ್ಲ?"

"ನೀವು ಕೇಳಲಿಲ್ಲ."

"ಎಂತ ಮಾರಾಯ್ತಿ!" ಅಣ್ಣ ತಂಗಿಯ ತಲೆಗೆ ಮೆಲ್ಲನೆ ಮೊಟಕಿದರು. "ಒಂದು ಸೋಪಿಗೆ ಹೆದರಿ ಬೆವರಿ ನನ್ನ ಅಂಗಿಯೆಲ್ಲ ಚಂಡಿ ಆಯ್ತಲ್ಲ!"

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದರು, "ಸ್ನಾನ ಮಾಡಿ ಬನ್ನಿ ಅಣ್ಣ. ಸೋಪು ಹೇಗೂ ಕೈಯಲ್ಲೇ ಉಂಟಲ್ಲ."