ನಾವು ನಾಲ್ವರು ಸುಶಿ ಸುತ್ತಲು ಹೋದದ್ದು

ಪ್ರವಾಸ ಹೋದವರೆಲ್ಲ ಫೋಟೋ ತಂದರೆ ನಾವು ಫಜೀತಿ ತರುತ್ತೇವೆ. ಎಷ್ಟು ಹುಷಾರಾಗಿ ಹೊರಟರೂ ಅಷ್ಟೇ.

ನಾವಿರುವುದು ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ. ನಾನು ಧಾರವಾಡದವನು, ಹೆಂಡತಿ ಮೈಸೂರಿನವಳು. ಹನ್ನೊಂದು ವರ್ಷದ ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಹೋದ ವರ್ಷ ನಮ್ಮವ್ವ ಮೂರು ತಿಂಗಳಿಗೆಂದು ಬಂದವಳು ಒಂದೇ ತಿಂಗಳಿಗೆ ಬೇಸತ್ತಳು.

"ಇಲ್ಲೆ ಕೈಗೆ ಕೆಲಸ ಇಲ್ಲಪಾ. ಭಾಂಡೆ ಮಷೀನ್ ತಿಕ್ಕತೈತಿ, ಅರಬಿ ಮಷೀನ್ ಒಗೀತೈತಿ. ನಾ ಏನ್ ಮಾಡ್ಲಿ, ಎರಡೂ ಮಷೀನ್ ನೋಡಕೋತ ಕುಂದರ್ಲಿ? ನನ್ನ ಟಿಕೀಟ್ ಜಲ್ದಿ ಮಾಡಸು" ಅಂದಳು.

ಅಪ್ಪ ಹೋದ ಮೇಲೆ ಅವಳು ಮೊದಲ ಸಲ ಊರು ಬಿಟ್ಟು ಬಂದಿದ್ದಳು. ಹೀಗೆ ಬೇಜಾರು ಮಾಡಿಕೊಂಡು ಹೋದರೆ ಇನ್ನೊಮ್ಮೆ ಬರುವ ಮಾತಿಲ್ಲ. ಹೆಂಡತಿ ಮೊಬೈಲಿನಲ್ಲಿ ಹುಡುಕಿ ಹುಡುಕಿ, "ಲಾಂಗ್ ವೀಕೆಂಡಿಗೆ ಮೆಲ್ಬರ್ನ್‌ಗೆ ಹೋಗೋಣ ರೀ. ಅಲ್ಲಿ ಜಪಾನೀಸ್ ಲೇಡಿ ಒಬ್ಬರು ಸುಶಿ, ಅದೇ ಮೀನೋ ತರಕಾರಿನೋ ಇಟ್ಟು ಸುತ್ತೋ ಅನ್ನದ ಸುರುಳಿ, ಮಾಡೋಕೆ ಹೇಳಿಕೊಡ್ತಾರಂತೆ, ಎಲ್ಲ ನಮ್ಮ ಕೈಯಲ್ಲೇ ಮಾಡಿಸ್ತಾರಂತೆ. ಅತ್ತೆಗೆ ಕೈಗೆ ಕೆಲಸ ಬೇಕು ತಾನೆ?" ಅಂದಳು. ನಾಲ್ಕು ಸೀಟು ಬುಕ್ ಮಾಡಿಯೇಬಿಟ್ಟೆವು.

೧. ಮುನ್ನೆಚ್ಚರಿಕೆ

ಬುಕ್ಕಿಂಗ್ ಫಾರ್ಮಿನಲ್ಲಿ ಊಟದ ಪದ್ಧತಿಗೊಂದು ಖಾನೆ, ಅಲರ್ಜಿಗೊಂದು ಖಾನೆ. ಮೊದಲನೆಯದರಲ್ಲಿ ಸಸ್ಯಾಹಾರಿ ಎಂದು ಬರೆದೆ. ಬರೆದ ಮೇಲೆ ಧೈರ್ಯ ಸಾಲಲಿಲ್ಲ. ಈ ದೇಶದಲ್ಲಿ ನಾನು ವೆಜಿಟೇರಿಯನ್ ಅಂದಾಗಲೆಲ್ಲ "ಹೌದಾ? ಫಿಶ್ ಓಕೆ ಅಲ್ವಾ?" ಎಂದು ಕೇಳಿದವರೇ ಹೆಚ್ಚು. ಅದೇ ಅಲರ್ಜಿ ಅನ್ನಿ, ಹೋಟೆಲಿನವರು ಎದ್ದು ನಿಲ್ಲುತ್ತಾರೆ. ಹಾಗಾಗಿ ಎರಡನೆಯ ಖಾನೆಯಲ್ಲಿ "ಮೀನು. ತೀವ್ರ. ನಾಲ್ವರಿಗೂ" ಎಂದು ತುಂಬಿದೆ.

"ಸುಳ್ಳು ಯಾಕ್ರೀ?" ಅಂದಳು ಹೆಂಡತಿ.

"ಸುಳ್ಳಲ್ಲ, ಮುನ್ನೆಚ್ಚರಿಕೆ."

ಅಂದೇ ಸಂಜೆ ಆ ಟೀಚರಮ್ಮನ ಫೋನ್ ಬಂತು. ಬೆಣ್ಣೆಯಂಥ ದನಿ. "ಸರ್, ನಿಮಗೆ ಮೀನು ಆಗುವುದಿಲ್ಲ, ಸರಿ. ಸೀಗಡಿ?"

"ಆಗೋದಿಲ್ಲ."

"ಏಡಿ?"

"ಅದೂ ಇಲ್ಲ."

"ಮೊಟ್ಟೆ?"

"ಸಾರಿ."

ಲೈನ್ ಕಟ್ಟಾಯಿತೇನೋ ಎಂದು ನಾನು ಹಲೋ ಹಲೋ ಅಂದೆ. ಆಕೆ ಇನ್ನೂ ಮೆತ್ತಗೆ ಹೇಳಿದಳು: "ಸರ್, ನೀವು ಬುಕ್ ಮಾಡಿರುವುದು ಸುಶಿ ಕ್ಲಾಸು. ಮರುದಿನ ನಮ್ಮಲ್ಲಿ ಕಾಗದ ಮಡಚುವ ಕ್ಲಾಸೂ ಇದೆ. ಅದು ಎಲ್ಲರಿಗೂ ಆಗುತ್ತದೆ."

೨. ಜಪಾನಿ ಅಕ್ಕಿ

ಮೆಲ್ಬರ್ನ್ ಸಿಟಿಯಲ್ಲಿ ಟ್ರ್ಯಾಮ್ ಇಳಿದು, ಗಲ್ಲಿ ಹುಡುಕಿ, ಮಹಡಿ ಹತ್ತುವಾಗ ಹತ್ತು ನಿಮಿಷ ತಡವಾಗಿತ್ತು. ಮೊದಲು ಕಂಡ ಬಾಗಿಲು ತಳ್ಳಿದೆ. ಒಳಗೆ ಎಂಟು ಹತ್ತು ಜನ ಏಪ್ರನ್ ಕಟ್ಟಿಕೊಂಡು ಉದ್ದ ಮೇಜಿನ ಸುತ್ತ ನಿಂತಿದ್ದರು. ಗಡ್ಡದವನೊಬ್ಬ ನಗುತ್ತ ನಮಗೂ ನಾಲ್ಕು ಏಪ್ರನ್ ಕೊಟ್ಟು, ಒಬ್ಬೊಬ್ಬರ ಮುಂದೆ ಒಂದೊಂದು ಬಿಳಿ ಮುದ್ದೆ ಇಟ್ಟ.

ಅವ್ವ ಒತ್ತಿ ನೋಡಿ, "ಅನ್ನ ಭಾಳ ಮುದ್ದಿ ಆಗೇತಿ" ಅಂದಳು.

ಗೊತ್ತಿಲ್ಲದ ವಿಷಯದಲ್ಲಿ ನನಗೆ ಧೈರ್ಯ ಜಾಸ್ತಿ. "ಜಪಾನಿ ಅಕ್ಕಿ ಹಂಗ ಇರತೈತೆವ್ವಾ. ಅಂಟು ಹೆಚ್ಚು. ಅದಕ್ಕ ಕಡ್ಡೀಲೆ ತಿನ್ನಾಕ ಬರತೈತಿ" ಅಂದೆ.

ಹೆಂಡತಿ ಪಿಸುಗುಟ್ಟಿದಳು: "ರೀ, ಇದು ಅಕ್ಕಿ ತರ ಇಲ್ಲ. ವಾಸನೆ ನೋಡಿ."

"ವಿನಿಗರ್ ಹಾಕಿರ್ತಾರೆ ಕಣೇ."

ಅವ್ವ ಅಷ್ಟರಲ್ಲಿ ತೋಳು ಮೇಲೇರಿಸಿ ನಾದಲು ಶುರು ಮಾಡಿದ್ದಳು. ಐದು ನಿಮಿಷದಲ್ಲಿ ಹೆಬ್ಬೆರಳು ಒಳಗಿಟ್ಟು ತಿರುಗಿಸಿ ತಿರುಗಿಸಿ ಕಡುಬಿನ ಬಟ್ಟಲು ಮಾಡಿ, ಹೂರಣಕ್ಕಾಗಿ ಅತ್ತಿತ್ತ ನೋಡಿದಳು. ಗಡ್ಡದವನು ಬಂದು ಬೆರಗಾಗಿ, ಅದನ್ನು ಎಲ್ಲರಿಗೂ ಎತ್ತಿ ತೋರಿಸಿದ. ನನಗೂ ಹೆಮ್ಮೆ ಉಕ್ಕಿತು. ರುಚಿ ನೋಡೋಣವೆಂದು ನನ್ನ ಮುದ್ದೆಯಿಂದ ಒಂದು ಚೂರು ಮುರಿದು ಬಾಯಿಗಿಟ್ಟೆ.

"ಅಪ್ಪಾ! ಇಟ್ಸ್ ಕ್ಲೇ!" ಎಂದು ಮಗಳು ಕಿರುಚಿದಳು. ಗೋಡೆಯ ತುಂಬ ಹೂಜಿ, ಕುಂಡ, ಬಟ್ಟಲು ಇಟ್ಟಿದ್ದನ್ನು ಅವಳೊಬ್ಬಳೇ ನೋಡಿದ್ದಳು. ಅದು ಮಡಕೆ ಮಾಡುವ ಕ್ಲಾಸು. ಸುಶಿಯದು ಎದುರಿನ ಬಾಗಿಲು.

ನಾವು ಸಾರಿ ಹೇಳಿ ಹೊರಡುವಾಗ ಗಡ್ಡದವನು ಅವ್ವನ ಕೈ ಹಿಡಿದು, "ಇವರು ಇಲ್ಲೇ ಇರಲಿ. ನೀವು ಬೇಕಾದರೆ ಹೋಗಿ" ಅಂದ.

೩. ನೆತ್ತಿಗೆ ಹತ್ತಿದ್ದು

ಟೀಚರಮ್ಮನಿಗೆ ಅರವತ್ತು ದಾಟಿರಬಹುದು. ಸಣ್ಣ ದೇಹ, ಬೆಳ್ಳಿ ಕೂದಲು. ನಮ್ಮನ್ನು ನೋಡಿದ ಕೂಡಲೇ ಸೊಂಟ ಬಗ್ಗಿಸಿ ನಮಸ್ಕರಿಸಿ, ಉಳಿದವರಿಂದ ದೂರ ಕಿಟಕಿ ಪಕ್ಕದ ಮೇಜಿಗೆ ಕರೆದೊಯ್ದಳು. ಹೊಸ ಚಾಕು, ಹೊಸ ಮಣೆ, ಹೊಸ ಟವೆಲ್ಲು. ನಮಗೋಸ್ಕರ ಆ ಬೆಳಿಗ್ಗೆ ಬೇಗ ಬಂದು ಇಡೀ ಕೋಣೆ ಎರಡೆರಡು ಸಲ ಒರೆಸಿದ್ದಳಂತೆ. ಮೀನು ಮುಟ್ಟಿದವರು ಯಾರೂ ಈ ಕಡೆ ಬರಕೂಡದೆಂದು ಎಲ್ಲರಿಗೂ ತಾಕೀತು ಮಾಡಿದಳು. ಬಂದಿದ್ದವರಲ್ಲಿ ಒಬ್ಬಾಕೆ ಆಸ್ಪತ್ರೆಯ ನರ್ಸ್. "ಏನಾದರೂ ಆದರೆ ನಾನಿದ್ದೇನೆ" ಎಂದು ನಮ್ಮ ಕಡೆ ಹೆಬ್ಬೆರಳು ಎತ್ತಿದಳು. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ.

ಸ್ವಲ್ಪ ಹೊತ್ತಿಗೆ ವಸಾಬಿ ಎಂಬ ಹಸಿರು ಚಟ್ನಿ ಬಂತು. ಕಡಲೆಕಾಳಿನಷ್ಟು ಸಾಕು, ಖಾರ ಇರುತ್ತದೆ ಎಂದು ಟೀಚರಮ್ಮ ಎಚ್ಚರಿಸಿದಳು. ರೊಟ್ಟಿ ಜೊತೆ ಹಸಿಮೆಣಸಿನಕಾಯಿ ತಿಂದು ಬೆಳೆದವನಿಗೆ ಯಾವ ಖಾರ? ಲಿಂಬೆಹಣ್ಣಿನಷ್ಟಲ್ಲದಿದ್ದರೂ ನೆಲ್ಲಿಕಾಯಿಯಷ್ಟು ಎತ್ತಿ ಬಾಯಿಗೆ ಹಾಕಿಕೊಂಡೆ.

ನಮ್ಮ ಖಾರ ನಾಲಿಗೆಯ ಮೇಲೆ ಕುಳಿತು ಮಾತಾಡುತ್ತದೆ. ಇದು ನಾಲಿಗೆಗೆ ಹೇಳದೆ ಕೇಳದೆ ನೇರ ಮೂಗು ಹತ್ತಿ ನೆತ್ತಿಗೆ ಹೋಯಿತು. ಕಣ್ಣಲ್ಲಿ ನೀರು ಧಾರಾಕಾರ, ಬಾಯಿಂದ ಮಾತಿಲ್ಲ, ಎರಡೂ ಕೈ ಗಂಟಲಿಗೆ ಹೋದವು.

"ರಿಯಾಕ್ಷನ್!" ಎಂದು ನರ್ಸ್ ಕೂಗಿ ಹಾರಿ ಬಂದಳು. ಕಣ್ಣು ಮುಚ್ಚಿ ತೆಗೆಯುವುದರೊಳಗೆ ನಾನು ನೆಲದ ಮೇಲೆ ಅಂಗಾತ, ನನ್ನ ಕಾಲು ಕುರ್ಚಿಯ ಮೇಲೆ, ನನ್ನ ನಾಡಿ ಅವಳ ಕೈಯಲ್ಲಿ. ಟೀಚರಮ್ಮ ಬಿಳುಚಿಕೊಂಡು ಫೋನ್ ಹಿಡಿದು ನಿಂತಿದ್ದಳು.

ಅವ್ವ ಒಬ್ಬಳೇ ನಿರಾಳ. "ಏನೂ ಆಗಿಲ್ರೀ, ಖಾರ ನೆತ್ತಿಗೆ ಹತ್ತೈತಿ" ಎಂದು ನನ್ನ ನೆತ್ತಿ ಬಡಿಯತೊಡಗಿದಳು.

ನರ್ಸ್ ಅವಳ ಕೈ ತಡೆದು, ಮಗಳಿಗೆ "ಅಜ್ಜಿಯನ್ನು ಕೇಳು, ಮೀನು ತಿಂದರೆ ನಿಮ್ಮ ಮನೆಯವರಿಗೆ ನಿಜವಾಗಿ ಏನಾಗುತ್ತದೆ?" ಅಂದಳು. ಮಗಳು ಕೇಳಿದಳು.

ಅವ್ವ ಯೋಚನೆ ಮಾಡಿ ಹೇಳಿದಳು: "ಮೀನ ತಿಂದ್ರ? ನಮ್ಮತ್ತಿ ಮನಿ ಬಿಟ್ಟು ಹೊರಗ ಹಾಕ್ತಿದ್ರು!"

ನನ್ನ ಮಗಳು ಪ್ರಾಮಾಣಿಕಳು. ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿದಳು.

ನರ್ಸ್ ನಿಧಾನಕ್ಕೆ ನನ್ನ ನಾಡಿ ಬಿಟ್ಟು, "ಈ ಲಕ್ಷಣ ನಮ್ಮ ಪುಸ್ತಕದಲ್ಲಿಲ್ಲ" ಅಂದಳು.

ನೆಲದ ಮೇಲೆ ಮಲಗಿದ ಹಾಗೆಯೇ ನಾನು ನಿಜ ಒಪ್ಪಿಕೊಂಡೆ. ಆ ಹೊಸ ಚಾಕು, ಮಣೆ ನೋಡಿದಾಗ ನಿಜಕ್ಕೂ ನಾಚಿಕೆಯಾಯಿತು. ಟೀಚರಮ್ಮ ಫೋನ್ ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. "ನಮ್ಮ ಅಜ್ಜಿಯ ಊರಿನ ದೇವಾಲಯದಲ್ಲೂ ಮೀನಿಲ್ಲದ ಅಡುಗೆಯೇ. ನಿಜ ಹೇಳಿದ್ದರೆ ಸಾಕಿತ್ತು. ಸರಿ, ಈಗ ಏಳಿ. ನಿಮ್ಮ ಅಮ್ಮನಿಂದ ನೆತ್ತಿ ಬಡಿಯುವುದನ್ನು ನಾನೂ ಕಲಿಯಬೇಕು, ನೀವು ದಾರಿಗೆ ಅಡ್ಡ ಮಲಗಿದ್ದೀರಿ."

೪. ಕರಿ ಹಾಳೆ

ಅಲ್ಲಿಂದ ಮುಂದೆ ಟೀಚರಮ್ಮ ನಮ್ಮ ಮೇಜು ಬಿಟ್ಟು ಕದಲಲಿಲ್ಲ. ಅವಳಿಗೆ ಕನ್ನಡ ಬಾರದು, ಅವ್ವನಿಗೆ ಇಂಗ್ಲಿಷ್ ಬಾರದು, ಆದರೂ ಮಾತು ನಿಲ್ಲಲಿಲ್ಲ. ಅನ್ನ ಅಂಟಬಾರದೆಂದು ಕೈ ಒದ್ದೆ ಮಾಡಿಕೊಳ್ಳಿ ಎಂದು ಆಕೆ ಹೇಳುವಷ್ಟರಲ್ಲಿ ಅವ್ವನ ಕೈ ನೀರಲ್ಲಿತ್ತು.

ತೊಂದರೆ ಆದದ್ದು ಅನ್ನ ಹರಡುವಾಗ. ಕಡಲ ಪಾಚಿ ಒಣಗಿಸಿ ಮಾಡಿದ, ಸುಶಿಯ ಜೊತೆಗೇ ತಿನ್ನುವ ಕರಿ ಹಾಳೆಯ ಮೇಲೆ ಅನ್ನ ಇಟ್ಟು ಹಕ್ಕಿಮರಿ ಮುಟ್ಟಿದಷ್ಟು ಮೆತ್ತಗೆ ಹರಡಬೇಕು. ಅವ್ವ ಎರಡೂ ಅಂಗೈಯಿಂದ ಪಟಪಟ ಬಡಿದು ಹಾಳೆ ತಿರುಗಿಸತೊಡಗಿದಳು. ಜೋಳದ ರೊಟ್ಟಿ ಬಡಿದ ಐವತ್ತು ವರ್ಷದ ಕೈ ಅದು.

"ಅಜ್ಜಿ, ಜೆಂಟ್ಲಿ!" ಅಂದಳು ಮಗಳು.

"ಮೆತ್ತಗ ಬಡದ್ರ ಅಗಲ ಆಗೂದಿಲ್ಲವಾ."

ಅಗಲ ಆಯಿತು. ಹಾಳೆ ದಾಟಿ ಮಣೆಗೆ ಬಂತು. ಟೀಚರಮ್ಮ ಏನೂ ಅನ್ನದೆ ಅದರಡಿಗೆ ಇನ್ನೊಂದು ಹಾಳೆ ಸೇರಿಸಿದಳು. ಆಮೇಲೆ ಮತ್ತೊಂದು. ಸುತ್ತಿದ ಮೇಲೆ ಅದು ನಮ್ಮ ಮನೆಯ ಲಟ್ಟಣಿಗೆಗಿಂತ ಉದ್ದವಿತ್ತು. ಎಲ್ಲರೂ ಬಂದು ಅದರ ಜೊತೆ ಫೋಟೋ ತೆಗೆಸಿಕೊಂಡರು.

ತಿನ್ನುವ ಹೊತ್ತು ಬಂತು. ಅವ್ವ ಒಂದೊಂದೇ ತುಂಡು ಎತ್ತಿ, ಸುತ್ತಲಿನ ಕರಿ ಹಾಳೆ ಬಿಡಿಸಿ ಪಕ್ಕಕ್ಕಿಟ್ಟು, ಒಳಗಿನ ಅನ್ನ ಸೌತೆಕಾಯಿ ಬಾಯಿಗಿಡುತ್ತಿದ್ದಳು. ತಟ್ಟೆಯ ಅಂಚಿನಲ್ಲಿ ಹಾಳೆಯ ಸಣ್ಣ ಗುಡ್ಡೆ. ಟೀಚರಮ್ಮ ಅದನ್ನು ನೋಡಿ, ನೊಂದುಕೊಂಡಳೋ ಏನೋ, "ಅಜ್ಜಿಗೆ ಹಿಡಿಸಲಿಲ್ಲವೇ?" ಎಂದು ಮಗಳನ್ನು ಕೇಳಿದಳು.

ಅವ್ವ ಬಾಯಿ ಒರೆಸಿಕೊಂಡು ಹೇಳಿದಳು: "ಭಾಳ ಛಲೋ ಆಗೇತಿ ಅಂತ ಹೇಳವಾ. ಇನ್ನೊಂದೀಟು ಕೊಡಾಕ ಹೇಳು. ಇಲ್ಲೇ ತಿಂತೇನಿ, ಪ್ಯಾಕಿಂಗ್ ಬ್ಯಾಡ ಅನ್ನು."

೫. ಟೋಕಿಯೊದ ಸಾಹೇಬರು

ಮೆಲ್ಬರ್ನ್‌ನಿಂದ ಬಂದ ಮೇಲೆ ಅವ್ವ ಟಿಕೆಟಿನ ಸುದ್ದಿ ಎತ್ತಲಿಲ್ಲ. ದಿನಾ ಧಾರವಾಡದ ತಂಗಿಗೆ ವಿಡಿಯೋ ಕಾಲ್ ಮಾಡಿ, "ನಾ ಜಪಾನದ ಅಡಿಗಿ ಕಲತೇನಿ" ಎನ್ನುತ್ತಿದ್ದಳು. ನಾನೂ ಪ್ಯಾರಮಟ್ಟಾದ ಆಫೀಸಿನಲ್ಲಿ ಹಾಗೇ ಹೇಳಿಕೊಂಡು ತಿರುಗಿದೆ. ಹೇಳಿಕೊಂಡ ತಪ್ಪಿಗೆ ಸಿಕ್ಕಿಬಿದ್ದೆ.

ನಮಗೆ ಟೋಕಿಯೊದಿಂದ ಹೊಸ ಸಾಹೇಬರು ಬಂದಿದ್ದರು. ಅವರ ಸ್ವಾಗತಕ್ಕೆ ಎಲ್ಲರೂ ಮನೆಯಿಂದ ಒಂದೊಂದು ಅಡುಗೆ ತರುವುದೆಂದಾಯಿತು. ಹೊಸ ಪ್ರಾಜೆಕ್ಟಿಗೆ ಯಾರು ಲೀಡ್ ಎಂದು ತೀರ್ಮಾನಿಸುವವರು ಅವರೇ. ನಾನು ಎದೆ ತಟ್ಟಿ, "ಸುಶಿ ನಾನು ತರುತ್ತೇನೆ" ಅಂದೆ.

ಆ ಬೆಳಿಗ್ಗೆ ನಾನು ಸುತ್ತಿದ ಮೊದಲ ಎರಡು ಸುಶಿ ಮಣೆಯ ಮೇಲೆಯೇ ಬಿಚ್ಚಿಕೊಂಡು ಕುಳಿತವು. ನನ್ನ ಮುಖ ನೋಡಿ ಅವ್ವ, "ನೀ ಜಳಕಾ ಮಾಡಿ ತಯಾರಾಗು. ಉಳದದ್ದು ನಾ ಮಾಡಿ ಕಟ್ಟಿಡತೇನಿ" ಅಂದಳು. ನಾನು ತಯಾರಾಗಿ ಬರುವಷ್ಟರಲ್ಲಿ ಡಬ್ಬಿಯ ಮುಚ್ಚಳ ಬಿಗಿದಾಗಿತ್ತು. ಟ್ರೇನಿಗೆ ಹೊತ್ತಾಗಿತ್ತು, ಹಿಡಿದುಕೊಂಡು ಓಡಿದೆ.

ಟ್ರೇನಿನಲ್ಲಿ ಘಮ್ಮೆಂದು ಇಂಗಿನ ವಾಸನೆ. ಯಾರೋ ನಮ್ಮವರು ಹತ್ತಿರಬೇಕು ಎಂದು ಸುತ್ತ ನೋಡಿದೆ. ನಮ್ಮವನು ನಾನೊಬ್ಬನೇ ಇದ್ದೆ.

ಮಧ್ಯಾಹ್ನ ಸಾಹೇಬರ ಮುಂದೆಯೇ ಮುಚ್ಚಳ ತೆಗೆಯಬೇಕಾಯಿತು. ಅನ್ನಕ್ಕೆ ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ ಬಿದ್ದು ಅರಿಶಿನ ಬಣ್ಣ ಬಂದಿತ್ತು. ನಡುವೆ ಶೇಂಗಾ ಚಟ್ನಿಪುಡಿ ಕೆಂಪಗೆ ಕುಳಿತಿತ್ತು. ಹೊರಗೆ, ಒಂದಿಷ್ಟೂ ಬಿಚ್ಚಿಕೊಳ್ಳದಂತೆ, ಬೇಯಿಸಿದ ಕ್ಯಾಬೇಜಿನ ಎಲೆ. ನನ್ನ ಪ್ರಾಜೆಕ್ಟು ಆ ಡಬ್ಬಿಯಲ್ಲೇ ಮಣ್ಣಾಯಿತು ಅನ್ನಿಸಿತು. ಮುಚ್ಚಳ ವಾಪಸು ಹಾಕೋಣವೆಂದರೆ ಸಾಹೇಬರು ಆಗಲೇ ಒಂದು ತುಂಡು ಎತ್ತಿಕೊಂಡಿದ್ದರು.

ಬಾಯಿಗಿಟ್ಟು ಕಣ್ಣು ಮುಚ್ಚಿದರು. ಅಗಿದರು. ಇಡೀ ಆಫೀಸು ಅವರ ದವಡೆ ನೋಡುತ್ತ ನಿಂತಿತು. ಎರಡನೆಯದನ್ನು ತೆಗೆದುಕೊಂಡರು. ಮೂರನೆಯದನ್ನೂ ತೆಗೆದುಕೊಂಡರು. ಹಣೆಯ ಬೆವರು ಒರೆಸಿಕೊಂಡು, ನನ್ನ ಕಡೆ ತಿರುಗಿ, ತಲೆ ಬಾಗಿಸಿ ಬಹಳ ಗೌರವದಿಂದ ಹೇಳಿದರು: "ಅದ್ಭುತ. ನನ್ನ ಜೀವಮಾನದಲ್ಲಿ ಇಂಥದ್ದು ತಿಂದಿರಲಿಲ್ಲ. ಇದು ಇಂಡಿಯಾದ ಯಾವ ಭಾಗದ ತಿನಿಸು?"

ಸುಶಿ ಎಂಬ ಮಾತು ಗಂಟಲವರೆಗೆ ಬಂದು, ನಿಂತು, ಹಾಗೇ ಕೆಳಗಿಳಿಯಿತು.

"ಧಾರವಾಡ," ಅಂದೆ.