ಅಜ್ಜಿಯ ಬಾಗಿಲಿನ ಅಳತೆ

ಪುಕ್ಕಟೆಯಾಗಿ ಇನ್ನೊಬ್ಬರಿಗೆ ಮನೆ ಕಟ್ಟಲು ಹೊರಟವರು ನಗೆಪಾಟಲಾಗುವುದಕ್ಕೆ ಬೇರೆ ಪ್ರಯತ್ನವೇ ಬೇಡ, ಅದು ಕೆಲಸದ ಜೊತೆಗೇ ಬರುತ್ತದೆ. ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನಂಜನಗೂಡಿನ ನಾವು ನಾಲ್ವರು ಅಂಥ ಕೆಲಸಕ್ಕೆ ಇಳಿದಿದ್ದೆವು. ನಾನು ಕಾರ್ಖಾನೆಯೊಂದರ ಸ್ಟೋರ್ ಕೀಪರ್. ಉಳಿದವರು ಒಬ್ಬ ಹಿಂದಿ ಮೇಷ್ಟ್ರು, ಒಬ್ಬ ಬ್ಯಾಂಕ್ ಕ್ಯಾಷಿಯರ್, ಒಬ್ಬ ಮೆಡಿಕಲ್ ಸ್ಟೋರಿನವರು. ಹತ್ತಿರದ ಹಳ್ಳಿ ಹೆಡತಲೆಯಲ್ಲಿ ಗಂಡ ಮಕ್ಕಳು ಯಾರೂ ಇಲ್ಲದ ಒಂದು ಅಜ್ಜಿಯ ಗುಡಿಸಲು ಮಳೆಗೆ ಕುಸಿದು, ಅಜ್ಜಿ ತಮ್ಮನ ಮನೆ ಕೊಟ್ಟಿಗೆಯಲ್ಲಿ ದನಗಳ ಪಕ್ಕ ಮಲಗುತ್ತಿತ್ತು. ಅದಕ್ಕೊಂದು ಮನೆ ಕಟ್ಟಿಕೊಡುವುದು ಅಂತ ನಮ್ಮ ತೀರ್ಮಾನ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

೧. ಭಾನುವಾರದ ಗೋಡೆ

ನಮಗೆ ಬಿಡುವು ಭಾನುವಾರ. ನಾವು ಗೊತ್ತುಮಾಡಿದ್ದ ಗಾರೆ ಮೇಸ್ತ್ರಿಗೆ ರಜವೂ ಭಾನುವಾರ. ಹೀಗಾಗಿ ನಾವು ಅವನ ಮುಖ ನೋಡಿದ್ದೇ ಅಪರೂಪ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಗಾರೆ ಕಲಸಿ, ದಾರ ಕಟ್ಟಿ, ಇಟ್ಟಿಗೆ ಜೋಡಿಸಿ, ಸಂಜೆ ಸೊಂಟ ಹಿಡಿದುಕೊಂಡು ವಾಪಸ್ಸು ಬರುತ್ತಿದ್ದೆವು. ಮುಂದಿನ ವಾರ ಹೋಗಿ ನೋಡಿದರೆ ಗೋಡೆ ನಾವು ಬಿಟ್ಟು ಬಂದಷ್ಟೇ ಎತ್ತರ. ಕೆಲವು ಸಲ ಅದಕ್ಕಿಂತ ಕಡಿಮೆ.

ಯಾರೋ ಇಟ್ಟಿಗೆ ಕದಿಯುತ್ತಿದ್ದಾರೆ ಅಂತ ಕ್ಯಾಷಿಯರ್‌ಗೆ ಅನುಮಾನ. ಒಂದು ಸೋಮವಾರ ಬ್ಯಾಂಕಿಗೆ ರಜ ಹಾಕಿ, ಹುಲ್ಲಿನ ಮೆದೆಯ ಮರೆಯಲ್ಲಿ ನಿಂತು ಕಾದರು. ಮೇಸ್ತ್ರಿ ಬಂದ. ಬೀಡಿ ಹಚ್ಚಿದ. ನಾವು ಕಟ್ಟಿದ ಗೋಡೆಗೆ ದಾರದ ಗುಂಡು ಇಳಿಬಿಟ್ಟು, ಅದರ ಸೊಟ್ಟ ನೋಡಿ ನಿಟ್ಟುಸಿರು ಬಿಟ್ಟ. ಆಮೇಲೆ ಒಂದೊಂದೇ ಇಟ್ಟಿಗೆ ಬಿಚ್ಚತೊಡಗಿದ.

"ಯಾಕಯ್ಯಾ ಕೀಳ್ತಿದ್ದೀಯ?" ಅಂತ ಕ್ಯಾಷಿಯರ್ ಮೆದೆಯ ಹಿಂದಿನಿಂದ ಬಂದರು.

"ಸೋಮ್ವಾರ ಬಿಚ್ಚದು, ಮಂಗಳ್ವಾರದಿಂದ ಕಟ್ಟದು ಸಾ. ನೀವು ಬರ್ದೇ ಇದ್ದಿದ್ರೆ ಇಷ್ಟೊತ್ಗೆ ಅಜ್ಜಿ ಈ ಮನೇಲಿ ಆಲುಕ್ಕಿಸಿರದು," ಅಂದ ಮೇಸ್ತ್ರಿ.

೨. ಅಜ್ಜಿಯ ಪಾಲಿನ ಕೆಲಸ

ಮನೆ ಪಡೆಯುವವರೂ ಕೈಲಾದಷ್ಟು ದುಡಿಯಬೇಕು ಅನ್ನುವುದು ನಮ್ಮ ಕಟ್ಟಳೆ. ಹಿಂದಿ ಮೇಷ್ಟ್ರು ಯಾವುದೋ ಭಾಷಣದಲ್ಲಿ ಅದನ್ನು ಕೇಳಿಕೊಂಡು ಬಂದಿದ್ದರು. ಒಣಕಲು ಅಜ್ಜಿಗೆ ಏನು ಕೆಲಸ ಹೇಳುವುದು? "ಸಿಮೆಂಟು ಒಣಗಬಾರದು ಅಜ್ಜಿ, ಬೆಳಿಗ್ಗೆ ಸಂಜೆ ನೀರು ಹಾಕ್ತಿರಿ," ಅಂದರು.

ಅಜ್ಜಿ ವಾರಪೂರ್ತಿ ಬೋರ್‌ವೆಲ್‌ನಿಂದ ಕೊಡ ಹೊತ್ತು ಗೋಡೆಗೆ ನೀರು ಹಾಕಿತು. ಅಲ್ಲಿಗೇ ನಿಲ್ಲದೆ, ಟಾರ್ಪಾಲು ಎತ್ತಿ ಒಳಗಿದ್ದ ಸಿಮೆಂಟ್ ಮೂಟೆಗಳಿಗೂ ಹಾಕಿತು. ಭಾನುವಾರ ಹೋದಾಗ ಮೂಟೆಗಳು ಬಂಡೆಯಾಗಿದ್ದವು. ಆ ಸಿಮೆಂಟನ್ನು ಅಂಗಡಿಯಿಂದ ಅಂಗಡಿಗೆ ಅಲೆದು ಬೇಡಿ ತಂದಿದ್ದ ಮೆಡಿಕಲ್ ಸ್ಟೋರಿನವರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಅಲ್ಲ ಅಜ್ಜಿ, ಮೂಟೆಗ್ಯಾಕೆ ಹಾಕಿದ್ರಿ?"

"ಗ್ವಾಡೆ ಸಿಮೆಂಟ್ಗೊಂದೇ ಬಾಯಾರ್ತದಾ? ಮೂಟೆ ಸಿಮೆಂಟು ಏನ್ ಪಾಪ ಮಾಡಿತ್ತು?"

ಆ ಬಂಡೆಗಳನ್ನು ಉರುಳಿಸಿ ಮನೆ ಮುಂದೆ ಹಾಕಿದೆವು. ಅಜ್ಜಿ ಹೋಗಿ ಒಂದರ ಮೇಲೆ ಕೂತು, ಕಾಲು ಚಾಚಿ, ಎಲೆಅಡಿಕೆ ಬಾಯಿಗಿಟ್ಟಿತು. ಕೊಟ್ಟಿಗೆಯಲ್ಲಿ ಕಾಲು ಚಾಚುವುದಕ್ಕೆ ಜಾಗವಿರಲಿಲ್ಲ ಅನ್ನುವುದು ನಮಗೆ ಆಗಲೇ ಹೊಳೆದದ್ದು.

"ಮನೆ ಆದಾಗ ಆಗ್ಲಿ ಬುಡಿ. ಕೂರಕೊಂದ್ ಜಾಗ ಕೊಟ್ರಲ್ಲ, ಅಷ್ಟೇ ಸಾಕು," ಅಂತು.

೩. ಬಾಗಿಲು ಗಿಡ್ಡವಾದದ್ದು

ಬಾಗಿಲ ಚೌಕಟ್ಟು ನಿಲ್ಲಿಸಿದವರು ನಾವು. ಅಳತೆಯಲ್ಲಿ ತಪ್ಪಿರಲಿಲ್ಲ. ಆದರೆ ಆಮೇಲೆ ಒಳಗೆ ಮಣ್ಣು ತುಂಬಿ ನೆಲ ಎತ್ತರಿಸುತ್ತಾರೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ನೆಲ ಮೇಲೆ ಬಂತು, ಬಾಗಿಲು ಇದ್ದಲ್ಲೇ ಉಳಿಯಿತು. ಸೋಮವಾರ ಬಿಚ್ಚಬೇಕಾದ ಮೇಸ್ತ್ರಿ ಮಗಳ ಬಾಣಂತನ ಅಂತ ಟಿ. ನರಸೀಪುರಕ್ಕೆ ಹೋದವನು ವಾಪಸ್ಸು ಬರುವಷ್ಟರಲ್ಲಿ ನಾವು ಮೇಲೆ ಹೆಂಚೂ ಹೊದಿಸಿದ್ದೆವು. ಒಳಗೆ ಹೊರಗೆ ಓಡಾಡುವಾಗ ನಾಲ್ವರೂ ತಲೆ ಬಡಿಸಿಕೊಂಡೆವು. ಕ್ರಮೇಣ ಬಗ್ಗಿ ನಡೆಯುವುದನ್ನು ಕಲಿತೆವು.

ಅಜ್ಜಿ ಬಂದು, ಬಾಗಿಲಲ್ಲಿ ನಿಂತು, ಮೇಲೆ ನೋಡಿ, "ಬಾಕ್ಲು ಗಿಡ್ಡ ಆಯ್ತು," ಅಂತು.

"ನಿಮಗೆ ತಾಗಲ್ಲವಲ್ಲ ಅಜ್ಜಿ," ಅಂದರು ಹಿಂದಿ ಮೇಷ್ಟ್ರು.

"ಬದುಕಿರಗಂಟ ತಾಗಕಿಲ್ಲ ಮೇಷ್ಟ್ರೇ. ಸತ್ ಮ್ಯಾಕೆ ತಾಗ್ತದೆ."

ಅಜ್ಜಿಯ ಕುಲದವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಹೋಗುತ್ತಾರೆ, ಕೂತಂತೆಯೇ ಮಣ್ಣು ಮಾಡುತ್ತಾರೆ. ಅಜ್ಜಿಯ ಗಂಡ ಹೋದಾಗ ಗುಡಿಸಲ ಬಾಗಿಲಲ್ಲಿ ಕುರ್ಚಿ ಹಿಡಿಸದೆ, ಹೆಣದ ಕತ್ತನ್ನು ಅಮುಕಿ ಆಚೆ ತಂದಿದ್ದರಂತೆ.

"ಜೀವ ಇದ್ದಾಗ ಕಂಡೋರ ಮುಂದೆಲ್ಲ ತಲೆ ಬಗ್ಗಿಸ್ದ. ಸತ್ ಮ್ಯಾಲೂ ಬಗ್ಗುಸ್ಬುಟ್ರು," ಅಂತು ಅಜ್ಜಿ. "ನಂಗೆ ಒಳೀಕ್ ಬರಕೆ ಎಂಗಿದ್ರೂ ಆಯ್ತದೆ. ಆಚ್ಗೆ ಓಗದು ಮಾತ್ರ ನೆಟ್ಗೆ ಓಗ್ಬೇಕು."

ಆದರೆ ಇಷ್ಟೆಲ್ಲ ಕಟ್ಟಿದ ಮೇಲೆ ಗೋಡೆ ಒಡೆಯುವುದು ಅಂದರೆ ಮೇಷ್ಟ್ರಿಗೆ ಪ್ರಾಣಸಂಕಟ. "ಹಿಡಿಸುತ್ತೆ ಅಜ್ಜಿ, ಧಾರಾಳವಾಗಿ ಹಿಡಿಸುತ್ತೆ," ಅಂದುಬಿಟ್ಟರು.

"ಇಡಿಸ್ತದಾ? ಅಂಗಾರೆ ಎತ್ತಿ ನೋಡಾನ," ಅಂತು ಅಜ್ಜಿ.

೪. ಎತ್ತಿ ನೋಡಿದ್ದು

ಶಾಲೆಯಿಂದ ಮರದ ಕುರ್ಚಿ ತಂದು ಮನೆಯೊಳಗೆ ಹಾಕಿದೆವು. ಅಜ್ಜಿ ಹಣೆಗೆ ವಿಭೂತಿ ಇಟ್ಟುಕೊಂಡು ಬಂದು ಕೂತಿತು. ಕಣ್ಣು ಮುಚ್ಚಿತು. ಉಸಿರು ಹಿಡಿಯಿರಿ ಅಂತ ನಾವೇನೂ ಹೇಳಿರಲಿಲ್ಲ, ಅದನ್ನೂ ಹಿಡಿಯಿತು. ಮುಂದೆ ಇಬ್ಬರು, ಹಿಂದೆ ಇಬ್ಬರು ಎತ್ತಿದೆವು. ಕ್ಯಾಷಿಯರ್ ಬಾಯಲ್ಲಿ ಸಣ್ಣಗೆ ಶಿವಶಿವಾ ಅನ್ನುತ್ತಿದ್ದರು. ನಾವು ನಾಲ್ವರೂ ತಲೆ ಬಗ್ಗಿಸಿ ಬಾಗಿಲು ದಾಟಲು ಹೊರಟೆವು. ಅಜ್ಜಿ ಬಗ್ಗಿಸಲಿಲ್ಲ, ಹಣೆ ಚೌಕಟ್ಟಿಗೆ ಬಡಿಯಿತು.

"ನೋಡುದ್ರಾ?" ಅಂತು, ಕಣ್ಣು ಮುಚ್ಚಿಕೊಂಡೇ.

ಅದೇ ಹೊತ್ತಿಗೆ ಅಜ್ಜಿಯ ತಮ್ಮನ ಹೆಂಡತಿ ಸಗಣಿ ಮಂಕರಿ ಹೊತ್ತು ಬೀದಿಯಲ್ಲಿ ಬಂದಳು. ವಿಭೂತಿ, ಕುರ್ಚಿ, ನಮ್ಮ ನಾಲ್ವರ ಮುಖ ನೋಡಿದವಳೇ ಮಂಕರಿ ಎಸೆದು, ಎದೆ ಬಡಿದುಕೊಂಡು ಅಲ್ಲೇ ಕೂತಳು.

"ಅಯ್ಯೋ ಅತ್ಗೆಮ್ಮ, ಒಂದ್ ಮಾತೂ ಏಳ್ದೆ ಓಗ್ಬುಟ್ಯಲ್ಲಾ. ನನ್ನೆತ್ತವ್ವನಂಗೆ ನಡುಮನೇಲಿ ಮಡಿಕಂಡು ಸಾಕ್ತಿದ್ನಲ್ಲಾ. ಬಿಸ್ಬಿಸಿ ಮುದ್ದೆ ಇಕ್ತಿದ್ನಲ್ಲಾ..."

ಬೀದಿಯ ಜನ ಸೇರಿದರು. ಇಳಿಸುವುದಕ್ಕೂ ಆಗದೆ, ಹೇಳುವುದಕ್ಕೂ ಆಗದೆ ನಾವು ಕುರ್ಚಿ ಹಿಡಿದು ನಿಂತೆವು. ಅಜ್ಜಿ ಒಂದು ಕಣ್ಣು ಬಿಟ್ಟಿತು.

"ನಡುಮನೇಲಲ್ಲ ಕಣಮ್ಮಿ, ಕೊಟ್ಟಿಗೇಲಿ. ಮುದ್ದೆ ತಂಗಳು. ಅಳದಾದ್ರೆ ಸರ್ಯಾಗ್ ಏಳ್ಕಂಡ್ ಅಳು."

೫. ನಿಜವಾಗಿ ಎತ್ತಿದ್ದು

ಮರುದಿನ ಮೇಸ್ತ್ರಿ ಬಾಗಿಲ ಮೇಲಿನ ಗೋಡೆ ಒಡೆದು, ಚೌಕಟ್ಟು ಕಿತ್ತು, ಎತ್ತರಿಸಿ ನಿಲ್ಲಿಸಿದ. ಮುಂದಿನ ಭಾನುವಾರ ಬರಬೇಡಿ ಅಂತ ನಮಗೆ ಹೇಳಿಕಳಿಸಿದ, ನಾವೂ ಹೋಗಲಿಲ್ಲ. ಅಜ್ಜಿ ಹಾಲುಕ್ಕಿಸಿತು. ಕೆಲವು ವರ್ಷ ಆ ಮನೆಯಲ್ಲಿ ಕಾಲು ಚಾಚಿ ಮಲಗಿತು. ನಾವು ಯಾವಾಗಾದರೂ ಹೋದರೆ, ಇನ್ನೂ ಬಾಗಿಲಲ್ಲಿ ತಲೆ ಬಗ್ಗಿಸುತ್ತಿದ್ದ ನಮ್ಮನ್ನು ನೋಡಿ ನಗುತ್ತಿತ್ತು.

ಒಂದು ದಿನ ಕಾರ್ಖಾನೆಯ ಗೇಟಿಗೆ ಫೋನ್ ಬಂತು. ನಾಲ್ವರೂ ಹೋದೆವು. ಅಜ್ಜಿಯನ್ನು ಕೂರಿಸಿದ್ದರು. ಮುಖ ನೋಡಲಾಗದೆ ನಾನು ಗೋಡೆ ನೋಡುತ್ತಾ ನಿಂತೆ. ನೆಂಟರು ಕುರ್ಚಿಗೆ ಕೈ ಹಾಕಲು ಬಂದಾಗ ತಮ್ಮನ ಹೆಂಡತಿ ತಡೆದಳು. ಅವತ್ತು ಅವಳು ಒಂದೂ ಮಾತಿಲ್ಲದೆ ಅಳುತ್ತಿದ್ದಳು.

"ಅತ್ಗೆಮ್ಮ ಏಳ್ಮಡಗಿತ್ತು, ಆ ನಾಲ್ಕ್ ಜನಾನೇ ಎತ್ಬೇಕಂತೆ," ಅಂದಳು. "ಅವ್ರು ಒಂದ್ಸಲ ಎತ್ತವ್ರೆ, ಇನ್ನೊಂದ್ಸಲ ಬಡಿಯಾಕಿಲ್ಲ ಅಂತಿತ್ತು."

ಮುಂದೆ ಇಬ್ಬರು, ಹಿಂದೆ ಇಬ್ಬರು ಎತ್ತಿದೆವು. ಬಾಗಿಲ ಹತ್ತಿರ ಬಂದಾಗ, ಅಷ್ಟು ಎತ್ತರದ ಬಾಗಿಲಲ್ಲಿ, ಹಳೇ ಅಭ್ಯಾಸಕ್ಕೆ ನಾವು ನಾಲ್ವರೂ ತಲೆ ಬಗ್ಗಿಸಿದೆವು. ಅಜ್ಜಿಯೊಂದೇ ನೆಟ್ಟಗೆ ಹೋಯಿತು.